ಸದ್ದಿಲ್ಲದ ಪ್ರೊಸೆಸರ್‌ಗೆ ಫ್ಯಾನ್ ಬಂದದ್ದು

ಕಂಪ್ಯೂಟರ್ ತಯಾರಿಸುವ ಒಂದು ಸಂಸ್ಥೆಯಲ್ಲಿ, ಖರೀದಿ ಮುಖ್ಯಸ್ಥರು ಸಭೆಗಳಲ್ಲಿ ಕಣ್ಣು ಮುಚ್ಚಿ ಆಲೋಚಿಸುತ್ತಾರೆ ಎಂಬುದು ಸರ್ವರೂ ಒಪ್ಪಿದ ಸಂಗತಿಯಾಗಿತ್ತು. ಅವರಷ್ಟು ಆಳಕ್ಕಿಳಿಯಬಲ್ಲವರು ಆ ಕಟ್ಟಡದಲ್ಲಿರಲಿ, ಆ ಬೀದಿಯಲ್ಲೇ ಇರಲಿಲ್ಲ. ಆಲೋಚನೆಯ ಭಾರಕ್ಕೆ ಕೆಲವೊಮ್ಮೆ ತಲೆ ಎದೆಯ ಮೇಲೆ ಬೀಳುತ್ತಿತ್ತು. ಮುಂದಿನ ಪ್ರೊಸೆಸರ್ ಯಾರಿಂದ ಕೊಳ್ಳಬೇಕೆಂದು ತೀರ್ಮಾನಿಸಿಕೊಟ್ಟರೆ ಖಾಲಿ ಬಿದ್ದಿರುವ ಉಪಾಧ್ಯಕ್ಷರ ಕುರ್ಚಿ ನಿಮ್ಮದೇ ಎಂದು ಯಜಮಾನರು ಅವರಿಗೆ ಮಾತು ಕೊಟ್ಟಿದ್ದರು.

ಈ ಖ್ಯಾತಿಯಲ್ಲಿ ಹಾಲಿ ಪ್ರೊಸೆಸರ್‌ನ ಪಾಲೂ ಇತ್ತು. ಅದು ಕಾದ ಕಾವಲಿಯಂತೆ ಬಿಸಿಯಾಗುತ್ತಿದ್ದುದರಿಂದ ಪ್ರತಿ ಕಂಪ್ಯೂಟರಿಗೂ ಒಂದು ಫ್ಯಾನ್ ಬೇಕಿತ್ತು. ಬೆಳಿಗ್ಗೆ ಅಷ್ಟೂ ಫ್ಯಾನ್‌ಗಳು ಶುರುವಾದರೆ ಕಿಟಕಿಯ ಪಾರಿವಾಳಗಳು ಸಂಸಾರ ಸಮೇತ ಪಕ್ಕದ ಬೀದಿಗೆ ಹೋಗುತ್ತಿದ್ದವು. ಆ ಗದ್ದಲದಲ್ಲಿ ಯಾರ ಗೊರಕೆಯೂ ಯಾರಿಗೂ ಕೇಳುತ್ತಿರಲಿಲ್ಲ.

ಪರೀಕ್ಷಾ ವಿಭಾಗದ ಎಂಜಿನಿಯರ್ ಮುಖ್ಯಸ್ಥರ ಸ್ವಂತ ಅಕ್ಕನ ಮಗಳು, ಸೋದರಸೊಸೆ. ಆಕೆ ಪ್ರಾಮಾಣಿಕಳಾಗಿದ್ದುದರಿಂದ ತೊಂದರೆ ಶುರುವಾಯಿತು. ಹೊಸ ಪೂರೈಕೆದಾರನ ಪ್ರೊಸೆಸರ್ ಎರಡು ಪಟ್ಟು ವೇಗದ್ದು, ಬಿಸಿಯಾಗುವುದೇ ಇಲ್ಲ, ಫ್ಯಾನೂ ಬೇಡ ಎಂದು ಕಂಡುಕೊಂಡು, ಪ್ರಾಯೋಗಿಕವಾಗಿ ಇಡೀ ಕಚೇರಿಗೆ ಅದನ್ನೇ ಹಾಕಿಸಿದಳು.

ಮರುದಿನ ಕಚೇರಿಯಲ್ಲಿ ನಿಶ್ಶಬ್ದ ಆವರಿಸಿತು. ಲೆಕ್ಕಾಧಿಕಾರಿ ಮೇಜಿನಡಿ ಬಗ್ಗಿ, ಎದುರಾಳಿ ಕಂಪನಿಯೊಂದಿಗೆ ಫೋನಿನಲ್ಲಿ ಸಂಬಳ ಕುದುರಿಸುತ್ತಿದ್ದುದು ಎಲ್ಲರಿಗೂ ಕೇಳಿ, ಇಬ್ಬರು ತಮಗೂ ಅಲ್ಲಿ ಜಾಗವಿದೆಯೇ ಎಂದು ವಿಚಾರಿಸಿದರು. ಯಜಮಾನರ ಕೃತಕ ಕೂದಲಿನ ಕುರಿತು ಮಾರಾಟ ವಿಭಾಗದ ಅಭಿಪ್ರಾಯ ಯಜಮಾನರಿಗೆ ತಲುಪಿತು. ಯಜಮಾನರನ್ನು ಅವರ ಹೆಂಡತಿ ಫೋನಿನಲ್ಲಿ ತರಾಟೆಗೆ ತೆಗೆದುಕೊಂಡದ್ದು ಗೇಟಿನ ಕಾವಲುಗಾರನವರೆಗೂ ತಲುಪಿತು.

ಮಧ್ಯಾಹ್ನದ ಸಭೆಯಲ್ಲಿ ಒಂದು ವಿಚಿತ್ರ ಸದ್ದು ಎದ್ದಿತು. ಯಜಮಾನರು ಕೈಯೆತ್ತಿದರು. "ಯಾವುದೋ ಹಳೇ ಮಷೀನ್ ಇನ್ನೂ ಓಡ್ತಾ ಇದೆ. ಹುಡುಕಿ."

ಮೆಕ್ಯಾನಿಕ್ ಮೇಜಿನ ಕೆಳಗೆ ತೆವಳಿದ. ಸದ್ದು ಮುಖ್ಯಸ್ಥರ ಕುರ್ಚಿಯ ಕಡೆಯಿಂದ ಬರುತ್ತಿದೆಯೆಂದೂ, ಬೇರಿಂಗ್ ಪೂರ್ತಿ ಸವೆದಿದೆಯೆಂದೂ ಅಲ್ಲಿಂದಲೇ ವರದಿ ಒಪ್ಪಿಸಿದ.

ಪಕ್ಕದಲ್ಲಿದ್ದ ಎಂಜಿನಿಯರ್ ಸೊಸೆ ಮುಖ್ಯಸ್ಥರ ಮೊಣಕೈ ಚಿವುಟಿದಳು. "ಮಾವ, ಏಳಿ. ನಿಮ್ಮನ್ನ ಬಿಚ್ಚೋಕೆ ಸ್ಕ್ರೂಡ್ರೈವರ್ ತರ್ತಿದಾರೆ."

ಮುಖ್ಯಸ್ಥರು ಕಣ್ಣು ಬಿಟ್ಟರು. ಉಪಾಧ್ಯಕ್ಷರ ಕುರ್ಚಿ ಕಾಲು ಬಂದಂತೆ ದೂರ ಸರಿಯುತ್ತಿರುವುದು ಅವರಿಗೆ ಸ್ಪಷ್ಟವಾಗಿ ಕಂಡಿತು. ನಿಧಾನವಾಗಿ ಎದ್ದು ನಿಂತರು.

"ಈ ಹೊಸ ಪ್ರೊಸೆಸರ್ ಕೆಲಸ ಮಾಡ್ತಿದೆ ಅನ್ನೋದಕ್ಕೆ ಪುರಾವೆ ಏನು?"

ಸೊಸೆ ಪರದೆ ತೋರಿಸಿದಳು. ಅದು ಕಣ್ಣಿಗಾಯಿತು, ಕಿವಿಗೇನಿದೆ ಎಂದು ಅವರು ಕೇಳಿದರು. ಇಂಥ ಪ್ರಶ್ನೆ ಇಷ್ಟು ಆಳದಿಂದ ಬಂದದ್ದರಲ್ಲಿ ಆಶ್ಚರ್ಯವಿಲ್ಲವೆನ್ನುತ್ತ ಯಜಮಾನರು ಕೂದಲು ಸರಿಪಡಿಸಿಕೊಂಡರು. ಲೆಕ್ಕಾಧಿಕಾರಿ ತಕ್ಷಣ ಅನುಮೋದಿಸಿದರು. ನಿಯಮವೂ ಆಯಿತು: "ಪ್ರತಿಯೊಂದು ಪ್ರೊಸೆಸರ್, ಪಕ್ಕದವರ ಮಾತು ಪಕ್ಕದವರಿಗೆ ಕೇಳಿಸದಷ್ಟು ಮಟ್ಟಿಗೆ ತನ್ನ ಕಾರ್ಯನಿಷ್ಠೆಯನ್ನು ಪ್ರಕಟಿಸತಕ್ಕದ್ದು."

"ತಣ್ಣಗಿರೋ ಪ್ರೊಸೆಸರ್‌ಗೆ ಫ್ಯಾನ್ ಯಾಕೆ ಮಾವ?"

"ಆಫೀಸಲ್ಲಿ ಸಾರ್ ಅನ್ನು."

"ತಣ್ಣಗಿರೋ ಪ್ರೊಸೆಸರ್‌ಗೆ ಫ್ಯಾನ್ ಯಾಕೆ ಸಾರ್?"

"ಹಾಂ, ಈಗ ಸರಿಯಾಗಿ ಕೇಳಿದೆ," ಎಂದು ಮೆಚ್ಚಿ ಅವರು ಕುಳಿತರು.

ಹೊಸ ಪೂರೈಕೆದಾರ ಜಾಣ. ಅದೇ ಪ್ರೊಸೆಸರ್‌ಗೆ ಏನನ್ನೂ ತಂಪು ಮಾಡದ ದೊಡ್ಡ ಫ್ಯಾನ್ ಜೋಡಿಸಿ, ಬೆಲೆ ಏರಿಸಿ ತಂದ. ತಮ್ಮದು ಸಹಜ ಸದ್ದು, ಇದು ಬರೀ ನಾಟಕ ಎಂದು ಹಳೆಯ ಪೂರೈಕೆದಾರ ಆಕ್ಷೇಪಣೆ ಸಲ್ಲಿಸಿದ. ಖರೀದಿ ಸಮಿತಿ ಅದನ್ನು ಆಲಿಸಲು ಸಿದ್ಧವಿತ್ತು. ಫ್ಯಾನ್ ಓಡುತ್ತಿದ್ದುದರಿಂದ ಕೇಳಿಸಲಿಲ್ಲ.

ಒಪ್ಪಂದದ ದಿನ ಯಜಮಾನರು ಹೊಸ ಉಪಾಧ್ಯಕ್ಷರ ಹೆಸರು ಘೋಷಿಸಿದಾಗ ಮುಖ್ಯಸ್ಥರು ಆಗಲೇ ಆಳಕ್ಕಿಳಿದಿದ್ದರು. ಸೊಸೆ ಅವರ ಬೆರಳ ನಡುವೆ ಪೆನ್ನಿಟ್ಟು, ಕೈ ಹಿಡಿದು ಸಹಿ ಹಾಕಿಸಿದಳು. ಸಹಿ ಎಂದಿಗಿಂತ ದುಂಡಾಗಿ ಬಂದಿತ್ತು. ಯಾರೂ ಚಪ್ಪಾಳೆ ತಟ್ಟಕೂಡದೆಂದು ಯಜಮಾನರು ಸನ್ನೆ ಮಾಡಿದರು. ಫ್ಯಾನ್‌ಗಳ ಕಿವಿ ಗಡಚಿಕ್ಕುವ ಸದ್ದಿನಲ್ಲಿ, ಹೊಸ ಉಪಾಧ್ಯಕ್ಷರ ಆಲೋಚನೆಗೆ ಭಂಗ ಬರದಂತೆ, ಎಲ್ಲರೂ ತುದಿಗಾಲಲ್ಲಿ ಹೊರಗೆ ನಡೆದರು.