ನಿಂತು ಕೇಳುವ ಹಾಡಿಗೆ ಅತ್ಯಾರು ಬಂದದ್ದು

ನಮ್ಮ ಅತ್ತೆಯವರ ಜೋಡಿ ಹೊರಗೆ ಹೊರಟು, ಸುಮ್ಮನೆ ಹೋಗಿ ಸುಮ್ಮನೆ ಬಂದೆವು ಅಂತ ಒಂದು ಸಲವೂ ಇಲ್ಲ. ಮದುವೆಗೆ ಹೋದರೂ ಅಷ್ಟೆ, ಬೆಳಗಾವಿಗೆ ಕಣ್ಣು ತೋರಿಸಲು ಹೋದರೂ ಅಷ್ಟೆ. ಇದು ಬೆಂಗಳೂರಿಗೆ ಹಾಡು ಕೇಳಲು ಹೋದಾಗಿನದು.

ಎರಡನೆಯ ಟಿಕೀಟು

ನಾನು ಬೈಲಹೊಂಗಲದವಳು, ಸವದತ್ತಿ ಕಡೆಯ ಒಂದು ಶಾಲೆಯಲ್ಲಿ ಟೀಚರು. ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಕಿವಿಯಲ್ಲಿ ಒಬ್ಬನೇ ಗಾಯಕನ ಹಾಡು. ಅವನು ಶನಿವಾರ ಸಂಜೆ ಬೆಂಗಳೂರಿನಲ್ಲಿ ಹಾಡುತ್ತಾನೆಂದು ಗೊತ್ತಾಗಿ ನನಗೂ ಯಜಮಾನರಿಗೂ ಟಿಕೀಟು ತೆಗೆಸಿದೆ. ಅಷ್ಟರಲ್ಲಿ ಮಾರ್ಕೆಟ್ಟಿಗೆ ಸೋಯಾಬೀನು ಬರಹತ್ತಿತು. ಯಜಮಾನರು ತಮ್ಮ ಅಡತಿ ಅಂಗಡಿಯ ದಲ್ಲಾಳಿ ಕೆಲಸ ಬಿಟ್ಟು ಏಳಲಿಲ್ಲ.

"ಟಿಕೀಟು ಯಾಕ ಕೆಡಸ್ತಿ, ನಾ ಬರತೇನಿ," ಎಂದರು ಅತ್ತೆ. "ಮ್ಯಾಳದಾಗ ಎಷ್ಟ ಮಂದಿ ಅದಾರ?"

"ಒಬ್ಬನ ರೀ ಅತ್ಯಾರ. ಹಾಡು ತಾನ ಬರೀತಾನ, ಧಾಟಿ ತಾನ ಹಚ್ಚತಾನ, ಬಾರಿಸಿಕೋತ ತಾನ ಹಾಡತಾನ."

ಅತ್ತೆ ಲೊಚಗುಟ್ಟಿದರು. "ಪಾಪ, ಬೆಂಗಳೂರಾಗೂ ಆಳು ಸಿಗವಲ್ರಂತಾತು!"

ಬಾಗಿಲಲ್ಲಿ

ಬೆಂಗಳೂರಿನ ಸಭಾಂಗಣದ ಬಾಗಿಲು ಕಾಯುವವನು ಅತ್ತೆಯ ಚೀಲ ಬಿಚ್ಚಿಸಿದ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಕರದಂಟು.

"ಅಮ್ಮ, ಹೊರಗಿನ ತಿಂಡಿ ಒಳಗೆ ಬಿಡಲ್ಲ."

"ಹೊರಗಿಂದು ನಾ ಮುಟ್ಟಂಗೇ ಇಲ್ಲಪಾ. ಇದು ಮನ್ಯಾಗ ಮಾಡಿದ್ದು."

"ಅದೇ ಅಮ್ಮ, ಮನೆಯಿಂದ ತಂದಿದ್ದೇ ಹೊರಗಿನದು."

ಅತ್ತೆ ಸ್ವಲ್ಪ ಯೋಚಿಸಿದರು. ಆಮೇಲೆ ಇಡೀ ಚೀಲ ಅವನ ಕೈಗೆ ಕೊಟ್ಟರು. "ಹೊರಗಿನ ತಿಂಡಿ ಅಂತಿ, ಹೊರಗ ನಿಂತಾಂವ ನೀನ. ತಿನ್ನು."

ಕುರ್ಚಿ

ಒಳಗೆ ಒಂದೂ ಕುರ್ಚಿ ಇರಲಿಲ್ಲ.

"ನಿಂತ ಕೇಳಬೇಕ್ರಿ ಅತ್ಯಾರ," ಎಂದೆ.

"ಎಷ್ಟೊತ್ತು?"

"ಎರಡ ತಾಸು."

ಅತ್ತೆ ಶಾಲು ಹಾಸಿ ವೇದಿಕೆಯ ಮುಂದೆ ಕುಳಿತೇಬಿಟ್ಟರು. ನನಗೆ ನಾಚಿಕೆ. ಪರಿಚಯವೇ ಇಲ್ಲದವಳ ಹಾಗೆ ಮುಖ ತಿರುಗಿಸಿ ನಿಂತೆ. ಹಿಂದಿದ್ದ ಇಬ್ಬರು ಹುಡುಗಿಯರು ಎತ್ತರದ ಚಪ್ಪಲಿ ಕಳಚಿ ಅವರ ಪಕ್ಕ ಕುಳಿತರು. ಅವರ ಪಕ್ಕ ಮತ್ತೆ ನಾಲ್ಕು ಮಂದಿ. ನೋಡನೋಡುತ್ತ ಮುಂದಿನ ಸಾಲುಗಳೆಲ್ಲ ನೆಲದ ಮೇಲೆ. ಗಾಯಕ ವೇದಿಕೆಗೆ ಬಂದಾಗ ಅವರ ನಡುವೆ ನಿಂತವಳು ನಾನೊಬ್ಬಳೇ.

ಅತ್ತೆ ನನ್ನ ಕೈ ಜಗ್ಗಿದರು. "ಕುಂಡ್ರು ಯವ್ವಾ, ಹಿಂದಿನವ್ರಿಗೆ ಕಾಣವಲ್ದು. ಊರ ಮರ್ಯಾದಿ ಕಳೀಬ್ಯಾಡ."

ಆ ಹಾಡು

ನಾನು ಅಷ್ಟು ದೂರ ಹೋದದ್ದೇ ಒಂದು ಹಾಡಿಗಾಗಿ. ಬಿಟ್ಟುಹೋದ ಹುಡುಗಿಯನ್ನು ನೆನೆದು ಅವನು ಬರೆದದ್ದು. ನನ್ನನ್ನು ಯಾರೂ ಬಿಟ್ಟುಹೋಗಿಲ್ಲ, ಆದರೂ ಆ ಹಾಡು ಬಂದರೆ ಬಸ್ಸಿನ ಕಿಟಕಿ ಕಡೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತೇನೆ.

ಕೊನೆಗೆ ಅದನ್ನು ಎತ್ತಿಕೊಂಡ. ದೀಪಗಳು ಮಂದವಾದವು. "ನೀ ಮತ್ತೆ ಬರ್ತೀಯಾ?" ಎಂಬ ಸಾಲಿಗೆ ಬಂದು, ಗಿಟಾರು ನಿಲ್ಲಿಸಿ ಕಣ್ಣು ಮುಚ್ಚಿದ. ನಾನು ಸೆರಗು ಕಣ್ಣಿಗೆ ಒತ್ತಿಕೊಂಡೆ.

"ಅಕಿ ಬರಂಗಿಲ್ಲ ತಮ್ಮಾ!"

ಅತ್ತೆ. ನಮ್ಮ ಸಿರಸಂಗಿಯ ಹೊಲದಲ್ಲಿ ಆಚೆ ಬದುವಿನ ಆಳುಗಳನ್ನು ಕೂಗಿ ಕರೆದು ಪಳಗಿದ ದನಿ. ಅದಕ್ಕೆ ಮೈಕು ಬೇಕಿರಲಿಲ್ಲ.

ಸಭೆಯೆಲ್ಲ ನಗು. ಗಾಯಕನೂ ಗಿಟಾರಿನ ಮೇಲೆ ಬಾಗಿ ನಕ್ಕ. "ಅತ್ಯಾರ, ಸುಮ್ಮಕಿರ್ರಿ!" ಎಂದೆ, ಅಳುವೇ ಬಂದಿತ್ತು.

"ಅಂವಾ ಕೇಳಿದಾ, ನಾ ಹೇಳಿದ್ನಿ," ಎಂದರು.

ಗಾಯಕ ಒಳ್ಳೆಯವನು. ನೀರು ಕುಡಿದು, ಮುಖ ಗಂಭೀರ ಮಾಡಿಕೊಂಡು ಮೊದಲಿನಿಂದ ಶುರುಮಾಡಿದ. ಮತ್ತೆ ಅದೇ ಸಾಲಿಗೆ ಬಂದು, "ನೀ ಮತ್ತೆ ಬರ್ತೀಯಾ?" ಎಂದು ನಿಲ್ಲಿಸಿದ್ದೇ ತಡ, ಇಡೀ ಸಭೆ ಒಂದೇ ದನಿಯಲ್ಲಿ ಕೂಗಿತು: "ಅಕಿ ಬರಂಗಿಲ್ಲ ತಮ್ಮಾ!"

ಕೂಗಿದವರಲ್ಲಿ ನಾನೂ ಇದ್ದೆ.

ಅತ್ತೆ ಒಬ್ಬರೇ ನಗಲಿಲ್ಲ. ಸುತ್ತಲೂ ನೋಡಿ, ಮರುಕದಿಂದ ನನ್ನ ಕಿವಿಯಲ್ಲಿ ಹೇಳಿದರು: "ನೋಡವಾ, ಇಷ್ಟು ಮಂದಿಗೆ ಗೊತ್ತೈತಿ. ಆ ಹುಡುಗಗ ಒಬ್ಬಗ ಗೊತ್ತಿಲ್ಲ."