ಚಿಕ್ಕಿಯ ಮುಂದಿನ ಹಲ್ಲು

ಓಡುವ ಸ್ಕೂಟರಿನಿಂದ ಬಿದ್ದು ಹಲ್ಲು ಮುರಿದುಕೊಂಡವರು ಊರಿಗೆ ನಾಲ್ಕು ಜನ ಸಿಕ್ಕಾರು. ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಸ್ಕೂಟರಿನಿಂದ ಬಿದ್ದು ಹಲ್ಲು ಮುರಿದುಕೊಂಡವರು ಮಾತ್ರ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಜಾಲಾಡಿದರೂ ಒಬ್ಬರೇ! ಅವಳು ನನ್ನ ಚಿಕ್ಕಿ, ಎಂದರೆ ನನ್ನನ್ನು ಹೆತ್ತ ಆಯಿಯ ತಂಗಿ.

ಸಿದ್ದಾಪುರದಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಸ್ಕೂಟರ್ ಕಲಿತದ್ದು ಅರವತ್ತು ತುಂಬಿದ ಮೇಲೆ. ಬಟ್ಟೆ ತರಲು ಶಿರಸಿಗೆ, ಮಗಳನ್ನು ನೋಡಲು ಯಲ್ಲಾಪುರಕ್ಕೆ, ಎಲ್ಲಿಗೆ ಹೋದರೂ ಸ್ಕೂಟರಿನಲ್ಲೇ. ಎದುರಿಗೆ ಬಂದ ಲಾರಿಯವರು ಹೆದರಿ ಬದಿಗೆ ಸರಿಯುತ್ತಾರೆಯೇ ಹೊರತು ಅವಳು ಒಮ್ಮೆಯೂ ಬಿದ್ದವಳಲ್ಲ. ಹಾಗಿದ್ದವಳು ಒಂದು ದಿನ ಶಿರಸಿಯ ನಮ್ಮ ಮನೆಗೆ ಬಂದಾಗ ಗೇಟಿನ ಪಕ್ಕದ ಮರದಲ್ಲಿ ಮಾವಿನ ಮಿಡಿ ಕಂಡಳು. ಏಣಿ ತರುತ್ತೇನೆಂದು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಸ್ಕೂಟರಿನ ಸೀಟು ಹತ್ತಿ ನಿಂತಿದ್ದಳು. ಮಿಡಿಗೊಂಚಲು ಕೈಗೆ ಬಂತು, ಸ್ಕೂಟರ್ ಸ್ಟ್ಯಾಂಡಿನಿಂದ ಜಾರಿತು. ಬಾಯಿ ಹ್ಯಾಂಡಲ್ಲಿಗೆ ಬಡಿದು ಮೇಲಿನ ಸಾಲಿನ ಮುಂದಿನ ಹಲ್ಲು ಒಂದು ಬುಡಸಮೇತ ಹಾರಿತು, ಪಕ್ಕದ ಎರಡು ಅರ್ಧಕ್ಕೇ ತುಂಡಾದವು. ನಾನು ಗಾಬರಿಯಿಂದ ಕಾರು ತೆಗೆದರೆ, ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಮಿಡಿ ಹೆಕ್ಕುತ್ತಿದ್ದಳು!

ಆಸ್ಪತ್ರೆಯಲ್ಲಿ ತುಟಿಗೆ ಹೊಲಿಗೆ ಬಿತ್ತು. ಹೊಲಿಗೆ ಒತ್ತೊತ್ತಾಗಿ ಬಂದಿಲ್ಲ ಎಂದು ಚಿಕ್ಕಿ ಕನ್ನಡಿ ನೋಡಿ ಆಕ್ಷೇಪ ತೆಗೆದಳು. ಮೂರನೆಯ ದಿನ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಹಾವೇರಿ ಕಡೆಯಿಂದ ಬಂದು ಶಿರಸಿಯಲ್ಲಿ ಕ್ಲಿನಿಕ್ ಇಟ್ಟಿರುವ ಹುಡುಗಿ. ವಯಸ್ಸು ಸಣ್ಣದು, ತಾಳ್ಮೆ ದೊಡ್ಡದು. ಚಿಕ್ಕಿ ಚೀಲದಿಂದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಸೋಪಿನಲ್ಲಿ ತಿಕ್ಕಿ ತೊಳೆದು, ಅರಿಶಿನ ಬಳಿದು ಒಣಗಿಸಿದ ಹಲ್ಲು!

"ತಿಕ್ಕಲಾರದ ಹಾಲಾಗ ಹಾಕಿ, ತಾಸಿನೊಳಗ ತಂದಿದ್ರ ಇದನ್ನ ವಾಪಸ್ ಕೂಡಸಾಕ ನೋಡಬಹುದಿತ್ರಿ" ಎಂದರು ಡಾಕ್ಟರು.

"ಗೊತ್ತಾಯ್ತು ಡಾಕ್ಟ್ರೇ. ಮುಂದಿನ ಸಲ ಹಾಲಲ್ಲೇ ಹಾಕ್ತೆ" ಎಂದಳು ಚಿಕ್ಕಿ.

ಡಾಕ್ಟರು ಮೂರು ದಾರಿ ಹೇಳಿದರು. ತೆಗೆದಿಡುವ ಹಲ್ಲಿನ ಸೆಟ್ಟು ಒಂದು. ಅಕ್ಕಪಕ್ಕದ ಹಲ್ಲುಗಳನ್ನು ಅರೆದು ಅವುಗಳ ಆಧಾರದ ಮೇಲೆ ಕೂರಿಸುವ ಸೇತುವೆ ಇನ್ನೊಂದು. ಮೂರನೆಯದು ಇಂಪ್ಲಾಂಟ್, ಅಂದರೆ ದವಡೆಯ ಎಲುಬಿಗೇ ತಿರುಪು ಕೂರಿಸಿ ಅದರ ಮೇಲೆ ಹಲ್ಲು. ರಾತ್ರಿ ಬಿಚ್ಚಿಡುವ ಹಲ್ಲು ಕಾಯಂ ಆಗಿ ಬೇಡವೆಂದು ಚಿಕ್ಕಿ ಮೊದಲನೆಯದನ್ನು ತಳ್ಳಿಹಾಕಿದಳು. ಎರಡನೆಯದಕ್ಕಂತೂ ಸಿಟ್ಟೇ ಬಂತು. ಬಿದ್ದದ್ದು ತಾನು, ಮುರಿದದ್ದು ಬೇರೆ ಹಲ್ಲು, ಏನೂ ತಪ್ಪು ಮಾಡದ ಪಕ್ಕದವನ್ನು ಅರೆಯುವುದು ಯಾವ ನ್ಯಾಯ ಎಂದು ಕೇಳಿದಳು. ನೀವಾದರೂ ಹೇಳಿ, ಯಾವ ನ್ಯಾಯ?

ಇಂಪ್ಲಾಂಟೇ ಸೈ ಎಂದಾಯಿತು. ಆದರೆ ಸ್ಕ್ಯಾನ್ ನೋಡಿದರೆ ಮುಂದಿನ ಎಲುಬು ತೆಳ್ಳಗೆ. ತುಂಡಾದ ಹಲ್ಲುಗಳ ಬೇರು ತೆಗೆಯಬೇಕು, ಎಲುಬಿನ ಪುಡಿ ತುಂಬಿ ಕೆಲವು ತಿಂಗಳು ಕಾಯಬೇಕು, ಆಮೇಲೆ ತಿರುಪು, ಮತ್ತೆ ಕಾಯುವುದು, ಕೊನೆಗೆ ಹಲ್ಲು. ನಾನು ತಲೆ ಹಿಡಿದುಕೊಂಡೆ. ಚಿಕ್ಕಿ ಕಾರಿನಲ್ಲಿ ನನ್ನನ್ನೇ ಸಮಾಧಾನಪಡಿಸಿದಳು. ಬಟ್ಟೆ ಸಾಲದಿದ್ದರೆ ಬೇರೆ ತುಂಡು ಜೋಡು ಕೊಟ್ಟೇ ಹೊಲಿಯಬೇಕು, ಅವಸರ ಮಾಡಿದರೆ ಹೊಲಿಗೆ ಪಿಸಿಯುತ್ತದೆ ಎಂದಳು.

ಚಿಕ್ಕಿಗೆ ಸಕ್ಕರೆ ಕಾಯಿಲೆ ಬೇರೆ; ರಕ್ತಪರೀಕ್ಷೆಯಲ್ಲಿ ಅದರ ಮೂರು ತಿಂಗಳ ಸರಾಸರಿ ಇಳಿಯದೆ ತಿರುಪು ಮುಟ್ಟುವುದಿಲ್ಲ ಎಂದೂ ಡಾಕ್ಟರು ಹೇಳಿದ್ದರು. ಕಬ್ಬಿನಹಾಲಿನ ತೊಡೆದೇವು ಕಂಡರೆ ಸ್ಕೂಟರ್ ತಾನಾಗಿ ನಿಲ್ಲುತ್ತಿದ್ದ ಹೆಂಗಸು ಅಂದಿನಿಂದ ಬೆಲ್ಲದ ಡಬ್ಬಿ ಮುಟ್ಟಲಿಲ್ಲ. ಮದುವೆಮನೆಯಲ್ಲಿ ಹೋಳಿಗೆ ಬಡಿಸುವವರು ಬಂದರೆ ಎರಡೂ ಅಂಗೈ ಎಲೆಗೆ ಅಡ್ಡ ಹಿಡಿದಳು. ಎಲೆಯ ಮೇಲೆ ಅಡ್ಡ ಮಲಗುವುದೊಂದು ಬಾಕಿ! ಈ ವಯಸ್ಸಿನಲ್ಲಿ ಹಲ್ಲು ಯಾರಿಗೆ ತೋರಿಸಬೇಕು, ಇಷ್ಟೆಲ್ಲ ಯಾಕೆ ಎಂದು ನಾನೊಮ್ಮೆ ಕೇಳಿಯೇಬಿಟ್ಟೆ. ಅವಳು ಕೇಳಿಸದವಳ ಹಾಗೆ ಗುಂಡಿ ಹೊಲಿಯುತ್ತಿದ್ದಳು.

ಬಣ್ಣ ಆರಿಸುವ ದಿನದ ಕಥೆ ಶಿರಸಿ ಪೇಟೆಯಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಡಾಕ್ಟರು ಬಗೆಬಗೆಯ ಬಿಳುಪಿನ ಮಾದರಿ ಹಲ್ಲುಗಳ ಪಟ್ಟಿಯೊಂದನ್ನು ತಂದು ಚಿಕ್ಕಿಯ ಬಾಯಿಗೆ ಹಿಡಿದರು. ಚಿಕ್ಕಿ ಥಟ್ಟನೆ ಎದ್ದಳು. ಟ್ಯೂಬ್‌ಲೈಟಿನಲ್ಲಿ ಬಣ್ಣ ನೋಡಿ ಸೀರೆ ಕೊಂಡವರು ಉದ್ಧಾರವಾದದ್ದಿಲ್ಲವಂತೆ! ಪಟ್ಟಿಯ ಸಮೇತ ಡಾಕ್ಟರನ್ನು ರಸ್ತೆಗೆ ಕರೆದುಕೊಂಡು ಹೋಗಿ, ಬಿಸಿಲಿಗೆ ಮುಖ ಮಾಡಿ ಹಲ್ಲು ಕಿಸಿದು ನಿಂತಳು. ಆಟೋದವರು, ಹೂ ಮಾರುವವಳು, ಬಸ್ಸಿಗೆ ಕಾಯುತ್ತಿದ್ದವರು ಎಲ್ಲರೂ ತಂತಮ್ಮ ಅಭಿಪ್ರಾಯ ಕೊಟ್ಟರು. ಹಗಲು ಬೆಳಕಿನಲ್ಲಿ ನೋಡುವುದೇ ಸರಿಯಾದ ಕ್ರಮ ಎಂದು ಡಾಕ್ಟರೂ ಒಪ್ಪಿಕೊಂಡು, ಬೇರೆಯದೇ ಬಣ್ಣ ಬರೆದುಕೊಂಡರು.

ಬೇರು ತೆಗೆದ ಗಾಯ ಮಾಗಿದ ಮೇಲೆ, ಇಂಪ್ಲಾಂಟ್ ಆಗುವವರೆಗೆ ಹಾಕಿಕೊಳ್ಳಲು ತಾತ್ಕಾಲಿಕ ಹಲ್ಲು ಬಂತು. ಅದನ್ನು ಹಾಕಿ ನೋಡುವ ದಿನ ಆಯಿಯನ್ನೂ ಕರೆತರಬೇಕೆಂದು ಚಿಕ್ಕಿ ಹಟ ಹಿಡಿದಳು. ಮಂಡಿ ನೋವಿನ ಆಯಿಗೆ ಕ್ಲಿನಿಕ್ಕಿನ ಮೆಟ್ಟಿಲು ಕಷ್ಟ ಎಂದೆ. ಅವಳು ಕೇಳಲಿಲ್ಲ. ಕೊನೆಗೆ ನಾನೂ ಕಾಂಪೌಂಡರೂ ಆಯಿಯನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತೆವು.

ಚಿಕ್ಕಿ ಹೊಸ ಹಲ್ಲು ಹಾಕಿಕೊಂಡು ಆಯಿಯ ಎದುರು ಕುಳಿತು ಬಾಯಿ ಆಡಿಸಿದಳು. ಸದ್ದೇ ಇಲ್ಲ! ಆಯಿ ಅವಳ ತುಟಿಯನ್ನೇ ನೋಡಿ ತಲೆಯಾಡಿಸಿದಳು, ಇಲ್ಲ ಎಂದು. ಚಿಕ್ಕಿ ಡಾಕ್ಟರತ್ತ ತಿರುಗಿ, ಹಲ್ಲಿನ ತುದಿ ಕೆಳತುಟಿಗೆ ಹೆಚ್ಚು ಒತ್ತುತ್ತಿದೆ ಎಂದಳು. ಡಾಕ್ಟರು ಕೂದಲೆಳೆಯಷ್ಟು ಉಜ್ಜಿ ಕೊಟ್ಟರು. ಮತ್ತೆ ಅದೇ ಮೌನದ ಮಾತು, ಮತ್ತೆ ಇಲ್ಲ. ಮೂರನೆಯ ಸಲ ಚಿಕ್ಕಿ ತುಟಿಯಾಡಿಸಿ ಮುಗಿಸುವ ಮೊದಲೇ ಆಯಿ ನಕ್ಕುಬಿಟ್ಟಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಏನಿದು ನಿಮ್ಮ ಆಟ ಎಂದು ಕೇಳಿದೆ.

"ಅಕ್ಕಯ್ಯಂಗೆ ಕಿವಿ ಪೂರ್ತಿ ಹೋಯ್ದು ತಮಾ" ಎಂದಳು ಚಿಕ್ಕಿ. "ಬಾಯಿ ನೋಡಿ ತಿಳ್ಕತ್ತು. ಹಲ್ಲು ಹೋದಾಗಿಂದ ಎನ್ನ ಮಾತೂ ಅದ್ಕೆ ತಿಳೀತಿತ್ತಿಲ್ಲೆ. ನಿಂಗ ಎಲ್ಲ ಕೂಗ್ತಿ. ಕೂಗಿದ್ರೆ ಬಾಯಿ ಸೊಟ್ಟ ಆಗ್ತು."

ಆಯಿಗೆ ಕಿವಿ ಮಂದ ಎಂದು ನಮಗೆ ಗೊತ್ತಿತ್ತು. ಕಿವಿಯ ಮೆಷಿನ್ನು ಕುಂಯ್‌ಗುಡುತ್ತದೆಂದು ಅವಳು ಅದನ್ನು ಡಬ್ಬಿಯಲ್ಲಿಟ್ಟ ಮೇಲೆ, ನಾವು ಗಟ್ಟಿಯಾಗಿ ಮಾತಾಡುತ್ತಿದ್ದೆವು, ಅವಳು ಹೂಂ ಎನ್ನುತ್ತಿದ್ದಳು. ಅಷ್ಟೇ. ಈಚಿನ ತಿಂಗಳುಗಳಲ್ಲಿ ಅವಳು ಮಾತೇ ಬಿಟ್ಟದ್ದನ್ನು ವಯಸ್ಸಾಯಿತು ಎಂದುಕೊಂಡಿದ್ದೆ. ಒಂದೇ ಮನೆಯಲ್ಲಿ ಇದ್ದೂ!

ಆ ತಾತ್ಕಾಲಿಕ ಹಲ್ಲಿನ ಅಳತೆಯನ್ನೇ ಮುಂದಿನ ಇಂಪ್ಲಾಂಟಿಗೂ ಇಟ್ಟುಕೊಳ್ಳುತ್ತೇನೆಂದು ಡಾಕ್ಟರು ಬರೆದುಕೊಂಡರು. ಚಿಕ್ಕಿ ಸ್ಕೂಟರ್ ಹತ್ತಿ ಸಿದ್ದಾಪುರಕ್ಕೆ ಹೋದಳು.

ಮನೆಗೆ ಬಂದು ಆಯಿಯ ಎದುರು ಕುರ್ಚಿ ಎಳೆದುಕೊಂಡು ಕುಳಿತೆ. ಕೂಗದೆ, ಮೆಲ್ಲಗೆ, ಚಿಕ್ಕಿ ಅಷ್ಟು ನಗುವಂಥದ್ದು ಎಂತ ಹೇಳಿದಳು ಎಂದು ಕೇಳಿದೆ. ಆಯಿ ನನ್ನ ಬಾಯಿಯನ್ನೇ ದಿಟ್ಟಿಸಿದಳು. ಎರಡನೆಯ ಸಲ ಕೇಳಿದೆ. ಹತ್ತಿರ ಬಾಗಿ ನೋಡಿದಳು. ಆಮೇಲೆ ಕೈ ಚಾಚಿ ನನ್ನ ಮೇಲ್ದುಟಿಯನ್ನು ಬೆರಳಿನಿಂದ ಸವರಿದಳು.

"ಮೀಸೆ ಅಡ್ಡ ಬತ್ತು ತಮಾ" ಎಂದಳು.

ಇಪ್ಪತ್ತು ವರ್ಷ ಸಾಕಿದ ಮೀಸೆಯನ್ನು ಅಂದೇ ಬೋಳಿಸಿ, ಮುಖ ಒರೆಸಿಕೊಂಡು, ಮತ್ತೆ ಅದೇ ಕುರ್ಚಿಯಲ್ಲಿ ಹೋಗಿ ಕುಳಿತೆ.