ಐದು ಅಂಕದ ದೋಣಿ ಹಾಡು

ಹೋದದ್ದಕ್ಕಾಗಿ ಹಂಬಲಿಸುವುದು ಮನುಷ್ಯನಿಗೆ ಸಹಜ. ಕೆಲವರಿಗೆ ಕಲಿತ ಶಾಲೆಯ ಹಂಬಲ, ಕೆಲವರಿಗೆ ತಾಯಿ ಮಾಡುತ್ತಿದ್ದ ಮೀನು ಸಾರಿನ ಹಂಬಲ, ನನ್ನ ವಯಸ್ಸಿನ ಗಂಡಸರಿಗೆ ತಲೆಯ ಮೇಲಿದ್ದ ಕೂದಲಿನ ಹಂಬಲ. ಇವೆಲ್ಲ ಒಂದು ಕಾಲದಲ್ಲಿ ಅವರ ಹತ್ತಿರ ಇದ್ದು ಆಮೇಲೆ ಹೋದವು. ಹಾಗಾಗಿ ಅವರ ದುಃಖಕ್ಕೆ ಒಂದು ಆಧಾರ ಉಂಟು. ನನ್ನ ದುಃಖಕ್ಕೆ ಅದೂ ಇಲ್ಲ. ನಾನು ಹಂಬಲಿಸುವುದು ಕೆನಡಾದ ದೋಣಿಯವರಿಗಾಗಿ. ಇನ್ನೂರು ವರ್ಷಗಳ ಹಿಂದೆ ಮರದ ತೊಗಟೆಯಿಂದ ಮಾಡಿದ ದೋಣಿಗಳಲ್ಲಿ ಪ್ರಾಣಿಗಳ ತುಪ್ಪಳದ ಕಟ್ಟುಗಳನ್ನು ಹೇರಿಕೊಂಡು, ಹೊಳೆಯಿಂದ ಕೆರೆಗೆ, ಕೆರೆಯಿಂದ ಹೊಳೆಗೆ, ತಿಂಗಳುಗಟ್ಟಲೆ ಹೋಗುತ್ತಿದ್ದ ಜನ ಅವರು. ನೀರು ಮುಗಿದಲ್ಲಿ ದೋಣಿಯನ್ನೇ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದರಂತೆ. ಹುಟ್ಟು ಹಾಕುವಾಗ ಎಲ್ಲರೂ ಸೇರಿ ಹಾಡುತ್ತಿದ್ದರಂತೆ. ಅವರು ಯಾರೂ ಈಗ ಇಲ್ಲ, ಆ ವ್ಯಾಪಾರವೂ ಇಲ್ಲ. ಅದನ್ನು ನೆನೆದು ಉಪ್ಪಿನಂಗಡಿಯ ಒಂದು ಬ್ಯಾರಿ ಮನೆಯಲ್ಲಿ ಕೂತು ಕಣ್ಣು ಒದ್ದೆ ಮಾಡಿಕೊಳ್ಳುವವನು ನಾನೊಬ್ಬನೇ ಇರಬೇಕು.

ಇದಕ್ಕೆಲ್ಲ ಕಾರಣ ನನ್ನ ಬಿ.ಎ. ಆ ಎರಡಕ್ಷರದ ಬಗ್ಗೆ ನಾನು ವಿನಯ ತೋರಿಸುವುದಿಲ್ಲ. ತೋರಿಸಲು ಅದು ಪುಕ್ಕಟೆ ಬಂದದ್ದಲ್ಲ. ನಮ್ಮ ಕುಟುಂಬದಲ್ಲಿ ನನಗಿಂತ ಮೊದಲು ಹತ್ತನೇ ತರಗತಿ ದಾಟಿದವರಿರಲಿಲ್ಲ. ಬೆಳಿಗ್ಗೆ ಒಣಮೀನಿನ ಅಂಗಡಿಯಲ್ಲಿ ಮೂಟೆ ಬಿಚ್ಚಿ, ಕೈಯನ್ನು ಎರಡು ಸಲ ಸಾಬೂನಿನಲ್ಲಿ ತೊಳೆದು, ಪುತ್ತೂರಿನ ಬಸ್ಸು ಹಿಡಿದು ಕಾಲೇಜಿಗೆ ಹೋದವನು ನಾನು. ಬೆಂಚಿನಲ್ಲಿ ನನ್ನ ಪಕ್ಕ ಕೂರುವವರು ಕಿಟಕಿ ಕಡೆ ಮುಖ ಮಾಡಿ ಕೂರುತ್ತಿದ್ದರು. ಮೂರು ವರ್ಷ ಅವರಿಗೆ ಶುದ್ಧ ಗಾಳಿ ಸಿಕ್ಕಿತು, ನನಗೆ ಪದವಿ ಸಿಕ್ಕಿತು. ಈಗ ಕಡಬದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮಾಷ್ಟ್ರು. ಮನೆಯ ಗೇಟಿನಲ್ಲಿ ಹೆಸರಿಗಿಂತ ಬಿ.ಎ. ದಪ್ಪ ಕಾಣುವ ಹಾಗೆ ಬೋರ್ಡು ಬರೆಸಿದ್ದೇನೆ. ಪೋಸ್ಟಿನವರು ಒಮ್ಮೆ, 'ಬಿ.ಎ. ಅಂದ್ರೆ ನಿಮ್ಮ ಇನಿಶಿಯಲ್ಲಾ?' ಎಂದು ಕೇಳಿದ್ದೂ ಉಂಟು.

ಆ ಬಿ.ಎ.ಯ ಕೊನೆಯ ವರ್ಷದಲ್ಲಿ ಅಮೆರಿಕ ಖಂಡದ ಇತಿಹಾಸ ಎಂಬ ಒಂದು ಪತ್ರಿಕೆ ಇತ್ತು. ಪಠ್ಯಪುಸ್ತಕ ಕೊಳ್ಳುವ ತ್ರಾಣ ಇಲ್ಲದ ನಾವೆಲ್ಲ ತೆಳ್ಳಗಿನ ಗೈಡನ್ನು ನಂಬಿದವರು. ಅದರಲ್ಲಿ 'ತುಪ್ಪಳ ವ್ಯಾಪಾರದ ದೋಣಿ ಪಯಣಿಗರ ಜೀವನವನ್ನು ವಿವರಿಸಿ' ಎಂಬ ಐದು ಅಂಕದ ಪ್ರಶ್ನೆಗೆ ಹದಿನಾಲ್ಕು ಸಾಲಿನ ಉತ್ತರ ಇತ್ತು. ಅದನ್ನು ನಾನು ಯಾವ ರೀತಿ ಬಾಯಿಪಾಠ ಮಾಡಿದ್ದೆ ಎಂದರೆ, ಮೂವತ್ತು ವರ್ಷ ಕಳೆದ ಮೇಲೂ ಹಲ್ಲುಜ್ಜುವಾಗ ತಾನಾಗಿ ಹೊರಗೆ ಬರುತ್ತದೆ. ಪರೀಕ್ಷೆಯಲ್ಲಿ ಆ ಪ್ರಶ್ನೆಯೇ ಬಂತು. ಹದಿನಾಲ್ಕೂ ಸಾಲು ಬರೆದು, ಸಂತೋಷ ತಡೆಯಲಾಗದೆ ಕೊನೆಗೆ ನನ್ನ ಸ್ವಂತದ್ದೊಂದು ವಾಕ್ಯವನ್ನೂ ಸೇರಿಸಿ, ಅದರ ಅಡಿಗೆ ಸ್ಕೇಲು ಇಟ್ಟು ಗೆರೆ ಎಳೆದೆ. ಆ ವಾಕ್ಯದ ವಿಷಯಕ್ಕೆ ಆಮೇಲೆ ಬರುತ್ತೇನೆ. ಬಾರದೆ ಬೇರೆ ದಾರಿಯೂ ಇಲ್ಲ.

ಮೊಬೈಲು ಬಂದ ಮೇಲೆ ನನ್ನ ಚಾಳಿ ಜಾಸ್ತಿಯಾಯಿತು. ಆ ದೋಣಿಯವರ ಹಾಡುಗಳನ್ನು ಈಗಿನವರು ಯಾರೋ ಹಾಡಿ ಹಾಕಿದ್ದು ಸಿಗುತ್ತದೆ. ಭಾಷೆ ಒಂದಕ್ಷರ ತಿಳಿಯದಿದ್ದರೂ ಶಾಲೆಯಿಂದ ಬಂದು ಚಾ ಕುಡಿಯುವಾಗ ಅದನ್ನು ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದೆ. ಹೆಂಡತಿ ಜುಬೈದಾ ಬಹಳ ದಿನ ತಡೆದುಕೊಂಡಳು. ಒಂದು ದಿನ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು.

"ಎಂತ ಮಾರಾಯ್ರೆ ಇದು? ಯಾರು ಸತ್ತದ್ದು?"

"ಇವರೆಲ್ಲ ಸತ್ತದ್ದು," ಎಂದೆ ನಾನು ಮೊಬೈಲು ತೋರಿಸಿ. "ಹೊಳೆಯಲ್ಲಿ ಸಾಮಾನು ಸಾಗಿಸುತ್ತಾ ಹಾಡುತ್ತಿದ್ದ ಒಂದು ಜನಾಂಗವೇ ಹೋಯಿತು, ಗೊತ್ತುಂಟಾ ನಿನಗೆ?"

"ಗೊತ್ತುಂಟು. ನಿಮ್ಮ ಅಜ್ಜ," ಎಂದಳು ಅವಳು. "ಉಪ್ಪಿನಂಗಡಿಯಿಂದ ಪಾಣೆಮಂಗಳೂರಿಗೆ ದೋಣಿ ಬಿಡ್ತಿದ್ರಂತೆ ಅಲ್ವಾ? ಮದುವೆಯಾಗಿ ಬಂದ ವರ್ಷ ನಿಮ್ಮ ಉಮ್ಮ ನನಗೆ ಹೇಳಿದ್ದು. ಅವರ ಒಂದು ಹಾಡು ಹೇಳಿ ನೋಡುವ. ಆಗದಿದ್ದರೆ ಅದನ್ನು ಬಂದ್ ಮಾಡಿ. ಅದು ಕೇಳಿದ್ರೆ ನನಗೆ ಉಪ್ಪು ಹಾಕಿದ್ದು ಮರೆತು ಹೋಗ್ತದೆ."

ಅವತ್ತಿನ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಆದರೆ ನನಗೆ ಊಟ ಸೇರದಿದ್ದದ್ದು ಅದಕ್ಕಲ್ಲ. ಅಜ್ಜ ದೋಣಿಯವರು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಕೆಳಗೆ ಹೋಗುವಾಗ ಅಡಿಕೆ, ಕರಿಮೆಣಸು. ಮೇಲೆ ಬರುವಾಗ ಉಪ್ಪು, ಒಣಮೀನು. ಲಾರಿ ಬರುವ ತನಕ ಅವರ ಬದುಕೇ ಅದು. ಲಾರಿ ಬಂದ ಮೇಲೆ ಅವರು ದೋಣಿ ಒತ್ತುವ ಉದ್ದದ ಬಿದಿರು ಜಲ್ಲೆಯನ್ನು ಮನೆಯ ಹೆಂಚಿನ ಮಾಡಿನಡಿ ಸಿಕ್ಕಿಸಿ, ಜಗಲಿಯಲ್ಲಿ ಕೂತರು. ಹಾಡುತ್ತಿದ್ದರು ಎಂಬುದೂ ನೆನಪಿತ್ತು. ಯಾವ ಹಾಡು ಎಂಬುದು ಮಾತ್ರ ಎಷ್ಟು ತಿಣುಕಿದರೂ ಬರಲಿಲ್ಲ. ಕೆನಡಾದವರದ್ದು ಹದಿನಾಲ್ಕು ಸಾಲು ಬರುತ್ತದೆ, ಮನೆಯದ್ದು ಒಂದು ಸಾಲು ಬರುವುದಿಲ್ಲ! ಅವತ್ತಿನಿಂದ ನನಗೆ ನಿದ್ದೆಯೂ ಸರಿ ಇಲ್ಲ, ಪಾಠವೂ ಸರಿ ಇಲ್ಲ. ಅಕ್ಬರನ ಆಡಳಿತ ಹೇಳುತ್ತಾ ಹೇಳುತ್ತಾ ದೋಣಿಗೆ ಹೋಗಿಬಿಡುತ್ತಿದ್ದೆ.

ಅಜ್ಜನ ದೋಣಿಯಲ್ಲಿ ಇದ್ದವರ ಪೈಕಿ ಈಗ ಉಳಿದವರು ಅದ್ರಾಮಾಕ ಒಬ್ಬರೇ. ತೊಂಬತ್ತರ ಹತ್ತಿರದ ವಯಸ್ಸು, ಕಬಕದಲ್ಲಿ ಮಗಳ ಮನೆಯಲ್ಲಿದ್ದಾರೆ. ಒಂದು ಭಾನುವಾರ ಮೊಬೈಲಿಗೆ ಪೂರ್ತಿ ಚಾರ್ಜು ಹಾಕಿ, ಎರಡು ಕಿಲೋ ಮೂಸಂಬಿ ಹಿಡಿದು ಹೋದೆ. ಅವರು ಮೂಸಂಬಿಯನ್ನು ಒಂದೊಂದಾಗಿ ಒತ್ತಿ ನೋಡಿ ಪಕ್ಕಕ್ಕಿಟ್ಟು ನನ್ನನ್ನು ನೋಡಿದರು.

"ನೀನು ಓದಿದವ ಅಲ್ವಾ? ಮಾಷ್ಟ್ರು?"

"ಬಿ.ಎ.," ಎಂದೆ.

"ಇಷ್ಟು ವರ್ಷಕ್ಕೆ ಈಗ ಎಂತ ಬಂದದ್ದು ಮೋನೆ?"

ಹಾಡಿಗೆ ಎಂದೆ. ಅವರು ಹಲ್ಲಿಲ್ಲದ ಬಾಯಲ್ಲಿ ತುಂಬ ಹೊತ್ತು ನಕ್ಕರು. ಆಮೇಲೆ ಹೇಳಿದ್ದು ಇಷ್ಟು. ಅದು ಕೂತು ಹೇಳುವ ಹಾಡಲ್ಲ. ದೋಣಿಯ ಹಿಂದೆ ನಿಂತವನು ದಾರಿಯಲ್ಲಿ ಎದುರಾಗುವ ಪ್ರತಿಯೊಂದು ಬಂಡೆಯ, ಪ್ರತಿಯೊಂದು ಸುಳಿಯ ಹೆಸರು ಕರೆದು ಹಾಡಬೇಕು. ಮುಂದೆ ಕೂತವನು 'ಕಂಡೆ' ಎಂದೋ 'ಎಡಕ್ಕೆ' ಎಂದೋ 'ಬಿಟ್ಟೆವು' ಎಂದೋ ರಾಗದಲ್ಲಿ ಉತ್ತರ ಕೊಡಬೇಕು. ಹಿಂದೆ ನಿಲ್ಲುತ್ತಿದ್ದವರು ನನ್ನ ಅಜ್ಜ, ಮುಂದೆ ಕೂರುತ್ತಿದ್ದವರು ಅದ್ರಾಮಾಕ. ಬಂಡೆ ಕಣ್ಣಿಗೆ ಬೀಳುವ ಮೊದಲು ಅದರ ಹೆಸರು ಎತ್ತಬಾರದು. ಎತ್ತಿದರೆ ಅದು ಎದ್ದು ದೋಣಿಗೆ ಎದುರು ಬರುತ್ತದೆ.

"ಇಲ್ಲಿ ಕಬಕದಲ್ಲಿ ಯಾವ ಬಂಡೆ ಬರ್ತದೆ ಅದ್ರಾಮಾಕ, ಬಸ್ಸು ಬಿಟ್ಟರೆ?" ಎಂದೆ.

"ನಿನಗೆ ತಮಾಷೆ. ಅಲ್ಲದೆ ನನ್ನದು ಉತ್ತರ ಮಾತ್ರ ಮೋನೆ. ಹೆಸರು ನಿನ್ನ ಅಜ್ಜನ ಬಾಯಲ್ಲಿ ಇದ್ದದ್ದು. ಹೊಳೆಯಲ್ಲಿ ಹೋಗಿ ಬಂಡೆಯ ಮುಖ ನೋಡಿದರೆ ನನಗೂ ಒಂದೊಂದೇ ನೆನಪಾದೀತು."

ಹಾಗಾಗಿ ದೋಣಿ ಬೇಕಾಯಿತು. ಅದಕ್ಕೆ ಒದಗಿದವರು ಚೆನ್ನಪ್ಪ ಗೌಡರು. ಸುಳ್ಯ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ಹೊಳೆಯಾಚೆಗಿರುವ ಜಾಗಕ್ಕೆ ಹೋಗಿ ಬರಲು ಒಂದು ಫೈಬರ್ ದೋಣಿ ಇಟ್ಟುಕೊಂಡಿದ್ದಾರೆ. ಮುಂದಿನ ಭಾನುವಾರ ಅದ್ರಾಮಾಕರನ್ನು ರಿಕ್ಷಾದಲ್ಲಿ ತಂದು, ನಾವಿಬ್ಬರು ಎರಡು ಕಡೆ ಹಿಡಿದು ಮೆಟ್ಟಿಲು ಇಳಿಸಿದೆವು. ಅವರು ದೋಣಿಯನ್ನು ಊರುಗೋಲಿನಿಂದ ಎರಡು ಸಲ ತಟ್ಟಿದರು.

"ಇದು ದೋಣಿಯಾ ಗೌಡ್ರೆ, ಮಕ್ಕಳನ್ನು ಮೀಯಿಸುವ ಟಬ್ಬಾ?"

"ನೀವು ಮೊದಲು ಕೂತ್ಕೊಳ್ಳಿ ಮಾರಾಯ್ರೆ. ಹೊಳೆಗೆ ಬಿದ್ರೆ ನಾನೇ ಮೀಯಿಸ್ತೇನೆ," ಎಂದರು ಗೌಡರು.

ನೇತ್ರಾವತಿ, ಕುಮಾರಧಾರೆ ಕೂಡುವಲ್ಲಿಂದ ಹೊರಟೆವು. ಮುದುಕರು ಮುಂದೆ ಕೂತರು, ಗೌಡರು ನಡುವೆ ಹುಟ್ಟು ಹಾಕಿದರು, ನಾನು ಹಿಂದೆ ಮೊಬೈಲು ಹಿಡಿದು ಕೂತೆ. ಅಜ್ಜ ನಿಲ್ಲುತ್ತಿದ್ದ ಜಾಗದಲ್ಲಿ ನಾನು! ಎದೆ ಉಬ್ಬಿತು. ನೀರು ಅಲ್ಲಾಡಿದ ಕೂಡಲೇ ಅದ್ರಾಮಾಕರ ಬೆನ್ನು ನೆಟ್ಟಗಾಯಿತು. ಕೈ ದೋಣಿಯ ಅಂಚಿನ ಮೇಲೆ ತಾಳ ಹಾಕತೊಡಗಿತು. ಕೆಮ್ಮಿ, ಉಗಿದು, ಅವರು ಎತ್ತಿದ ದನಿ ಅಷ್ಟು ಸಣ್ಣ ಎದೆಯಿಂದ ಬಂದದ್ದೆಂದು ನಂಬುವುದು ಕಷ್ಟ. ದಡ ಬಿಡುವಾಗ ಇಬ್ಬರೂ ಸೇರಿ ಹಾಡುವ ಸಾಲು ಅದು. ದಡವೇ ಹಿಂದೆ ಸರಿ, ಉಪ್ಪು ತರುತ್ತೇನೆ ಎಂಬ ಅರ್ಥದ್ದು. ನನ್ನ ಮೈಯ ರೋಮ ಎದ್ದು ನಿಂತಿತು. "ಜೋರಾಗಿ, ಇನ್ನೂ ಜೋರಾಗಿ!" ಎಂದು ಕೂಗಿದೆ. ಮನೆಗೆ ಬಂದು ಕೇಳಿದಾಗ ಮೊಬೈಲಿನಲ್ಲಿ ಸ್ಪಷ್ಟವಾಗಿ ದಾಖಲಾದದ್ದು ನನ್ನ ಆ ಕೂಗೊಂದೇ.

ಹೊಳೆ ತಿರುಗುವಲ್ಲಿ ಅವರು ಕೈ ಎತ್ತಿದರು. "ನಿಲ್ಲಿಸಿ ಗೌಡ್ರೆ. ಇಲ್ಲಿ ಮೊದಲನೆಯದು ಬರಬೇಕು. ಎಮ್ಮೆ ಮಲಗಿದ ಹಾಗೆ ಕಪ್ಪು ಬಂಡೆ. ಎಲ್ಲಿ?"

"ಅದು ಉಂಟು ಅದ್ರಾಮಾಕ. ಕೆಳಗೆ ಅಣೆಕಟ್ಟೆಗೆ ಹಲಗೆ ಹಾಕಿದ್ದಾರಲ್ಲ, ನೀರು ನಿಂತಿದೆ. ನಾವು ಈಗ ಎಮ್ಮೆಯ ಬೆನ್ನ ಮೇಲೇ ಇದ್ದೇವೆ."

ಮುದುಕರು ಬಗ್ಗಿ ನೀರು ನೋಡಿದರು. ಹಸಿರು ನೀರು, ಒಂದು ಪ್ಲಾಸ್ಟಿಕ್ ಬಾಟ್ಲಿ, ಮತ್ತೇನಿಲ್ಲ. "ಕಂಡೆ ಅಂತ ಹೇಗೆ ಹೇಳುದು? ಕಂಡಿಲ್ಲ ಅಲ್ವಾ?" ಎಂದರು. ಗೌಡರು ದೋಣಿಯನ್ನು ಮುಂದೆ ಒತ್ತಿದರು. ಎರಡನೆಯ ಬಂಡೆಯೂ ಇರಲಿಲ್ಲ, ಮೂರನೆಯ ಸುಳಿಯೂ ಇರಲಿಲ್ಲ. ಎಲ್ಲಿ ನೋಡಿದರೂ ಇಸ್ತ್ರಿ ಹಾಕಿದಂಥ ನೀರು. ಅದ್ರಾಮಾಕರು ಮಾತ್ರ ಸುಮ್ಮನಿರಲಾಗದೆ ಉತ್ತರಗಳನ್ನು ಹಾಡುತ್ತಾ ಹೋದರು: ಕಂಡೆ, ಎಡಕ್ಕೆ, ಬಿಟ್ಟೆವು, ಕಂಡೆ, ಬಲಕ್ಕೆ, ಬಿಟ್ಟೆವು. ಪ್ರತಿ ಉತ್ತರದ ಮೊದಲು ಒಂದು ಹೆಸರಿನಷ್ಟು ಹೊತ್ತು ನಿಲ್ಲಿಸಿ ನನ್ನ ಕಡೆ ಕತ್ತು ಹೊರಳಿಸುತ್ತಿದ್ದರು. ಹಿಂದೆ ಕೂತವನು ನಾನಲ್ಲವೇ? ನಾನು ಮೊಬೈಲನ್ನು ಇನ್ನಷ್ಟು ಹತ್ತಿರ ಹಿಡಿದೆ. ಕೊನೆಗೆ ಕಟ್ಟೆ ಅಡ್ಡ ಬಂತು. ಕೆನಡಾದವರಾಗಿದ್ದರೆ ದೋಣಿಯನ್ನು ಹೊತ್ತು ಆಚೆ ಇಳಿಸುತ್ತಿದ್ದರು. ನಮ್ಮಲ್ಲಿ ಒಬ್ಬರಿಗೆ ತೊಂಬತ್ತು, ಒಬ್ಬರಿಗೆ ಮಂಡಿನೋವು, ಒಬ್ಬ ಬಿ.ಎ. ಹಿಂದೆ ತಿರುಗಿದೆವು.

ದಡಕ್ಕೆ ಬಂದು ಮೆಟ್ಟಿಲ ಮೇಲೆ ಕೂತಾಗ ಅದ್ರಾಮಾಕರು ಮಂಕಾಗಿದ್ದರು. ಅವರನ್ನು ಸಮಾಧಾನ ಮಾಡಲು ನಾನೊಂದು ಮಾತು ತೆಗೆದೆ. "ಅಜ್ಜ ಕೊನೆಗಾಲದಲ್ಲಿ ಬೆಳಗಿನ ನಮಾಜು ಮುಗಿಸಿ ಬಂದು ನಮ್ಮ ಜಗಲಿಯಲ್ಲಿ ಕೂತು ಹಾಡುತ್ತಿದ್ದರು. ದಿನಾಲೂ. ಇದೇ ಹಾಡು ಇರಬೇಕು. ನಡುನಡುವೆ ಹೀಗೇ ನಿಲ್ಲಿಸುತ್ತಿದ್ದರು."

ಅದ್ರಾಮಾಕರು ತಲೆ ಎತ್ತಿದರು. "ಜಗಲಿಯಲ್ಲಾ? ದಡದಲ್ಲಿ ಕೂತು ಹೆಸರು ಕರೆದದ್ದಾ?"

"ಹೌದು."

"ಸುಮ್ಮನೆ ಕರೆಯುವವ ಅಲ್ಲ ಅವನು. ದಡದಲ್ಲಿ ಅದನ್ನು ಪೂರ್ತಿ ಹಾಡುದು ಒಂದೇ ಕಾರಣಕ್ಕೆ ಮೋನೆ. ಜಲ್ಲೆ ಯಾರ ಕೈಗೆ ಕೊಡುದು ಅಂತ ಉಂಟೋ, ಅವನಿಗೆ ಕಲಿಸಲಿಕ್ಕೆ. ನಿಲ್ಲಿಸುದು ಅವನು ಉತ್ತರ ಕೊಡಲಿ ಅಂತ." ನನ್ನ ಕಡೆ ತಿರುಗಿ ಕೇಳಿದರು: "ಆಗ ಆ ಮನೆಯಲ್ಲಿ ಯಾರಿದ್ದದ್ದು?"

ಉಮ್ಮ ಇದ್ದರು. ಮತ್ತೆ ಜಗಲಿಗೆ ತಾಗಿದ ಕೋಣೆಯಲ್ಲಿ, ಕಿಟಕಿಯ ಹತ್ತಿರ, ಗೈಡು ಹಿಡಿದು ನಾನಿದ್ದೆ. ಎಲ್ಲವೂ ಒಂದೇ ಸಲಕ್ಕೆ ನೆನಪಾಯಿತು, ಬಂಡೆಗಳ ಹೆಸರೊಂದನ್ನು ಬಿಟ್ಟು. ಅಜ್ಜ ಕಿಟಕಿಗೆ ಬೆನ್ನು ಹಾಕಿ ಕೂತು ಒಂದು ಹೆಸರು ಕರೆಯುತ್ತಿದ್ದರು, ನಿಲ್ಲಿಸುತ್ತಿದ್ದರು, ಕತ್ತು ಸ್ವಲ್ಪ ಹೊರಳಿಸುತ್ತಿದ್ದರು. ಪರೀಕ್ಷೆಗೆ ಮೂರು ವಾರ ಇರುವಾಗ ನಾನು ಕಿಟಕಿಯ ಬಾಗಿಲು ಎಳೆಯುತ್ತಾ ಹೇಳಿದ್ದೆ: "ಅಜ್ಜ, ಸ್ವಲ್ಪ ಸುಮ್ಮನಿರ್ತೀರಾ? ನನಗೆ ಬಾಯಿಪಾಠ ಉಂಟು." ಅವರು, "ಓದು ಮೋನೆ, ಓದು," ಎಂದರು. ಮರುದಿನದಿಂದ ಜಗಲಿಯಲ್ಲಿ ಹಾಡಿರಲಿಲ್ಲ. ನನಗೆ ಅದು ಬಹಳ ಅನುಕೂಲವಾಯಿತು.

"ಅವನು ನಿನಗೆ ಎಂತ ಹೇಳಿಕೊಟ್ಟಿದ್ದ? ಒಂದಾದರೂ ಬರ್ತದಾ?" ಎಂದು ಅದ್ರಾಮಾಕರು ನನ್ನ ಮೊಣಕಾಲು ಹಿಡಿದು ಕೇಳಿದರು. ನಾನು ಬಾಯಿ ತೆರೆದೆ. ಅಲ್ಲಾಹು ಸಾಕ್ಷಿ, ಹಾಡಿಗೆಂದೇ ತೆರೆದೆ. ನಾಲಿಗೆಗೆ ಬಂದದ್ದು, 'ತುಪ್ಪಳ ವ್ಯಾಪಾರದ ದೋಣಿ ಪಯಣಿಗರು ಅತ್ಯಂತ ಶ್ರಮಜೀವಿಗಳಾಗಿದ್ದರು.' ಗೌಡರು, "ಎಂತ ಮಾಷ್ಟ್ರೆ, ತಲೆ ತಿರುಗಿತಾ?" ಎಂದು ನೀರಿನ ಬಾಟ್ಲಿ ಕೊಟ್ಟರು.

ಮನೆಗೆ ಬಂದಾಗ ಜುಬೈದಾ ಹಾಡು ಸಿಕ್ಕಿತಾ ಎಂದು ಕೇಳಿದಳು. ಉತ್ತರ ಸಿಕ್ಕಿತು ಎಂದೆ. ಸಂಜೆ ಏಣಿ ಇಟ್ಟು ಮಾಡಿನಡಿ ಹುಡುಕಿದೆ. ಜಲ್ಲೆಯನ್ನು ಗೆದ್ದಲು ಒಳಗಿಂದ ಪೂರ್ತಿ ತಿಂದಿತ್ತು. ಮುಟ್ಟಿದ ಕೂಡಲೇ ಗೇಟಿನ ಬಿ.ಎ. ಬೋರ್ಡಿನ ಬಣ್ಣದ ಹಾಗೆ ಪುಡಿಪುಡಿ ಉದುರಿತು.

ಆ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿರಲೇಬೇಕು ಎಂದು ಈ ಮೂವತ್ತು ವರ್ಷವೂ ನಂಬಿಕೊಂಡು ಬಂದಿದ್ದೇನೆ. ಹದಿನಾಲ್ಕು ಸಾಲು ಗೈಡಿನದ್ದು, ಅದು ಎಲ್ಲರೂ ಬರೆದದ್ದು. ಹದಿನೈದನೆಯದು, ಸ್ಕೇಲು ಇಟ್ಟು ಗೆರೆ ಎಳೆದದ್ದು, ಮೂರು ವರ್ಷದ ಪದವಿಯಲ್ಲಿ ನಾನು ಸ್ವಂತವಾಗಿ ಬರೆದ ಒಂದೇ ಒಂದು ವಾಕ್ಯ: 'ಇಂತಹ ಅಮೂಲ್ಯ ಹಾಡುಗಳನ್ನು ಕಲಿಯಲು ಆ ಪಯಣಿಗರ ಮೊಮ್ಮಕ್ಕಳು ಆಸಕ್ತಿ ತೋರದೆ ಹೋದದ್ದು ಅತ್ಯಂತ ವಿಷಾದನೀಯ.'